ಜಿಂಕೆ ಫಾರಂನ ಬೇಲಿ ಮತ್ತು ಓಣಿ: ತಿರುವಿನಲ್ಲಿ ಜಾಲರಿ ಯಾವ ಕಡೆ?

ಹಾಸನದಲ್ಲಿ ಪಶುವೈದ್ಯಕೀಯ ಓದುತ್ತಿದ್ದೇನೆ. ಈ ವಾರದ ಅಸೈನ್‌ಮೆಂಟ್, ಐವತ್ತು ಕೆಂಪು ಜಿಂಕೆಗಳ ಫಾರಂಗೆ ಬೇಲಿ, ಓಣಿ (ಜಿಂಕೆಗಳನ್ನು ದೊಡ್ಡಿಗೆ ಓಡಿಸಿಕೊಂಡು ಹೋಗುವ ದಾರಿ), ದೊಡ್ಡಿಯ ನಕ್ಷೆ ಬರೆಯೋದು. ಒಂದೇ ಒಂದು ತಿರುವಿಗೆ ಎರಡು ರಾತ್ರಿ ಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಊರಲ್ಲಿ ಫಾರಂ ಮಾಡೋಣ ಅಂತ ಯಾರೂ ಹೊರಡಬೇಡಿ. ಚುಕ್ಕೆ ಜಿಂಕೆ, ಕಡವೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರುತ್ತವೆ. ನಮ್ಮ ನಕ್ಷೆ ನ್ಯೂಜಿಲೆಂಡ್ ಲೆಕ್ಕದ್ದು. ಬೇಟೆಗೆಂದು ತಂದು ಬಿಟ್ಟ ಕೆಂಪು ಜಿಂಕೆ ಅಲ್ಲಿ ಕಾಡಿಗೇ ಪೀಡೆಯಾಯಿತು. 1970ರ ಸುಮಾರಿಗೆ ಅದನ್ನು ಸಾಕಲು ಪರವಾನಗಿ ಕೊಡತೊಡಗಿದರು. ಹೆಲಿಕಾಪ್ಟರ್‌ನಿಂದ ಬಲೆ ಹಾಕಿ ಹಿಡಿದು ತಂದದ್ದೂ ಉಂಟು.

ಬೇಲಿ

ಎತ್ತರ ಸುಮಾರು 2 ಮೀಟರ್. ಜಾಲರಿಯ ಕಣ್ಣು ಕೆಳಗೆ ಚಿಕ್ಕದು, ಮೇಲೆ ದೊಡ್ಡದು, ಯಾಕಂದ್ರೆ ಮರಿ ನುಸುಳೋದು ಕೆಳಗೆ. ಮುಳ್ಳುತಂತಿ ಬೇಡವೇ ಬೇಡ. ಗಾಬರಿಯಾಗಿ ಓಡುವ ಜಿಂಕೆಗೆ ತಂತಿ ಕಾಣಿಸೋದಿಲ್ಲ, ನೇರ ಹೋಗಿ ಗುದ್ದುತ್ತದೆ. ಅದಕ್ಕೇ ಹೊಸ ಬೇಲಿಗೆ ಸ್ವಲ್ಪ ದಿನ ಗೋಣಿಚೀಲ ನೇತುಹಾಕಿ, ಇಲ್ಲೊಂದು ಅಡ್ಡ ಇದೆ ಅಂತ ತೋರಿಸಬೇಕು.

ಓಣಿ

ಜಿಂಕೆ ಬೇಲಿಯ ಪಕ್ಕ ಹಿಡಿದು ಓಡುತ್ತದೆ. ಹಾಗಾಗಿ ಗೇಟು ಬೇಲಿಯ ನಡುವೆ ಇಟ್ಟರೆ ಅದನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಓಟ ಮುಗಿಯುವ ಮೂಲೆಯಲ್ಲಿ ಇಡಬೇಕು. ಓಣಿಯ ಕೊನೆ ದೂರದಿಂದಲೇ ಕಾಣಬಾರದು. ಮುಂದೆ ದಾರಿ ಇಲ್ಲ ಅನಿಸಿದರೆ ತಿರುಗಿ ನಮ್ಮ ಮೇಲೇ ಬರುತ್ತದೆ. ಅದಕ್ಕೇ ಓಣಿಗೆ ತಿರುವು ಕೊಡೋದು. ಚೂಪು ಮೂಲೆಯೂ ಇರಬಾರದು, ಅಲ್ಲಿ ಒಂದರ ಮೇಲೊಂದು ಬೀಳುತ್ತವೆ.

ಇದು ಬರೀ ಅನುಕೂಲದ ಮಾತಲ್ಲ. ವಿಪರೀತ ಓಡಿಸಿದ ಜಿಂಕೆಯ ಸ್ನಾಯು ಒಳಗೊಳಗೇ ಒಡೆಯುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಲವು ದಿನ ಬಿಟ್ಟು ಸಾಯಲೂಬಹುದು. ಇದಕ್ಕೇ ಕ್ಯಾಪ್ಚರ್ ಮಯೋಪಥಿ ಅನ್ನೋದು. ಪರೀಕ್ಷೆಗೆ ಗ್ಯಾರಂಟಿ ಪ್ರಶ್ನೆ.

ನನ್ನನ್ನು ಕೆಡವಿದ ತಿರುವು

ಮೊದಲನೇ ನಿಯಮ: ಜಾಲರಿ ಕಂಬದ ಯಾವ ಕಡೆ? ಪ್ರಾಣಿ ಇರುವ ಕಡೆ. ಆಗ ಅದು ಗುದ್ದಿದರೆ ಜಾಲರಿ ಕಂಬಕ್ಕೆ ಒರಗುತ್ತದೆ. ಆಚೆ ಕಡೆ ಹೊಡೆದಿದ್ದರೆ ಪೆಟ್ಟೆಲ್ಲ ಮೊಳೆಗೆ, ಮೊಳೆ ಕಿತ್ತು ಬರುತ್ತದೆ.

ಎರಡನೇ ನಿಯಮ: ತಿರುವಿನಲ್ಲಿ ಜಾಲರಿ ಬಾಗಿನ ಹೊರಮೈಗೆ ಇರಬೇಕು.

ಎರಡೂ ಸರಿ ಅಂತ ತಲೆಯಾಡಿಸಿ ಬರೆದುಕೊಂಡೆ. ನಕ್ಷೆಗೆ ಕೂತಾಗ ಗೊತ್ತಾಯಿತು, ಎರಡೂ ಒಂದಕ್ಕೊಂದು ಹೊಂದೋದಿಲ್ಲ!

ಅರ್ಥವಾಗಲಿಲ್ಲ ಅಂದ್ರೆ ನಾನು ಮಾಡಿದ ಹಾಗೆ ಮಾಡಿ. ಚಪ್ಪಲಿ ಡಬ್ಬಿಯ ಮುಚ್ಚಳದ ಮೇಲೆ ಆರು ಗುಂಡುಪಿನ್ನು ಅರ್ಧಚಂದ್ರದ ಹಾಗೆ ಚುಚ್ಚಿ. ದಾರವನ್ನು ಪಿನ್ನುಗಳ ಹೊರಗಿಂದ ಸುತ್ತಿ, ಎರಡು ತುದಿ ಹಿಡಿದು ಎಳೆಯಿರಿ. ದಾರ ಪಿನ್ನಿಗೆ ಒತ್ತಿಕೊಂಡು ನಿಲ್ಲುತ್ತದೆ. ಈಗ ದಾರವನ್ನು ಒಳಗಡೆಯಿಂದ ಹಾಯಿಸಿ ಎಳೆಯಿರಿ. ಟಪ್ ಅಂತ ಪಿನ್ನು ಬಿಟ್ಟು ನೆಟ್ಟಗಾಗುತ್ತದೆ. ಬಿಗಿದ ತಂತಿ ಯಾವಾಗಲೂ ನೇರವಾಗಲು ನೋಡುತ್ತದೆ, ಅಷ್ಟೇ ವಿಷಯ.

ಓಣಿಗೆ ಎರಡು ಬೇಲಿ. ತಿರುವಿನ ಒಳಬದಿಯ ಬೇಲಿಗೆ ತೊಂದರೆ ಇಲ್ಲ. ಅದರ ಓಣಿ ಕಡೆಯೇ ಬಾಗಿನ ಹೊರಮೈ, ಎರಡು ನಿಯಮವೂ ಕೂಡಿಬರುತ್ತವೆ. ಹೊರಬದಿಯ ಬೇಲಿಗೆ ಓಣಿ ಕಡೆ ಅಂದರೆ ಬಾಗಿನ ಒಳಮೈ. ಅಲ್ಲಿ ಜಾಲರಿ ಹೊಡೆದರೆ ಜಿಂಕೆ ಮುಟ್ಟದಿದ್ದರೂ ತಂತಿಯೇ ಹಗಲೂ ರಾತ್ರಿ ಮೊಳೆ ಎಳೆಯುತ್ತಿರುತ್ತದೆ. ಆಚೆ ಹೊಡೆದರೆ ಜಿಂಕೆ ಗುದ್ದಿದಾಗ ಹೋಗುತ್ತದೆ. ಓಡುವ ಹಿಂಡು ಬಂದು ಬಡಿಯೋದೂ ಈ ಬೇಲಿಗೇ!

ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟ. ರಸ್ತೆ ತಿರುಗುವಲ್ಲಿ ಕಲ್ಲುಕಂಬದ ಬೇಲಿ ಇದೆ. ಆ ತಿರುವಿನಲ್ಲೇ ಪ್ರತಿ ವರ್ಷ ಕಟ್ಟುತಂತಿ ಕಿತ್ತುಹೋಗುತ್ತದೆ, ಅಪ್ಪ ಹಂದಿಗೆ ಬೈಯುತ್ತಾ ಮತ್ತೆ ಕಟ್ಟುತ್ತಾರೆ. ಮೊನ್ನೆ ಫೋನ್ ಮಾಡಿ, "ಅಪ್ಪಾ, ತಂತಿ ಕಂಬದ ಒಳಗಿದೆಯಾ ಹೊರಗಿದೆಯಾ ನೋಡಿ" ಅಂದೆ. ಬಾಗಿನ ಒಳಮೈಗೇ ಇತ್ತು. "ಹಂಗಾದ್ರೆ ಇಷ್ಟು ವರ್ಷ ಹಂದಿದೇನೂ ತಪ್ಪಿಲ್ಲ ಅಂತೀಯಾ?" ಅಂದರು.

ತಿರುವನ್ನು ಹೆಚ್ಚು ಕಂಬಗಳಿಗೆ ಹಂಚಿದರೆ ಹೇಗೆ? ಒಂದು ತಂತಿಯ ಎಳೆತ 100 ಕೆಜಿ ಅಂದುಕೊಳ್ಳಿ. ಒಂದೇ ಕಂಬದಲ್ಲಿ 90 ಡಿಗ್ರಿ ತಿರುಗಿಸಿದರೆ ಆ ಕಂಬವನ್ನು ಒಳಕ್ಕೆ ಎಳೆಯುವ ಬಲ 141 ಕೆಜಿ. ಮೂರು ಕಂಬಕ್ಕೆ 30 ಡಿಗ್ರಿಯಂತೆ ಹಂಚಿದರೆ ತಲಾ 52. ಒಂಬತ್ತು ಕಂಬಕ್ಕೆ 10 ಡಿಗ್ರಿಯಂತೆ ಹಂಚಿದರೆ ತಲಾ 17. ಸೂತ್ರ: ಎಳೆತದ ಎರಡರಷ್ಟು, ಅದಕ್ಕೆ ಅರ್ಧ ಕೋನದ ಸೈನ್ ಗುಣಿಸಿ. ಇದು ಒಂದು ತಂತಿಯ ಲೆಕ್ಕ. ಜಾಲರಿಯಲ್ಲಿ ಹತ್ತಕ್ಕೂ ಜಾಸ್ತಿ ತಂತಿ ಇರುತ್ತವೆ.

ಕೊನೆಗೆ ನಾನು ಬರೆದದ್ದು ಹೀಗೆ: ಹೊರಬದಿಯ ಬೇಲಿಯನ್ನು ಬಾಗಿಸಲೇ ಇಲ್ಲ. ಚಿಕ್ಕ ಚಿಕ್ಕ ನೇರ ತುಂಡು ಮಾಡಿದೆ. ತಿರುಗುವಲ್ಲೆಲ್ಲ ಒಂದೊಂದು ದಪ್ಪ ಕಂಬ, ಅದಕ್ಕೆ ಅಕ್ಕಪಕ್ಕದ ಎರಡೂ ತುಂಡಿನ ಸಾಲಿನಲ್ಲೇ ಸಪೋರ್ಟ್ ಕಂಬ. ಪ್ರತಿ ತುಂಡಿನ ಜಾಲರಿಯನ್ನೂ ಅಲ್ಲಲ್ಲೇ ಬಿಗಿದು, ಸುತ್ತಿ ಕಟ್ಟಿ ಮುಗಿಸೋದು. ಆಗ ಎಳೆತ ದಪ್ಪ ಕಂಬಕ್ಕೆ ಹೋಗುತ್ತದೆ, ನಡುವಿನ ಕಂಬಗಳಲ್ಲಿ ಜಾಲರಿ ಧೈರ್ಯವಾಗಿ ಓಣಿ ಕಡೆಗೇ ಇರಬಹುದು. ದೊಡ್ಡಿ ಹತ್ತಿರದ ಕೊನೆ ತಿರುವಿಗೆ ಹಲಗೆ ಗೋಡೆ. ಹಲಗೆಗೆ ಎಳೆತವೇ ಇಲ್ಲ, ಹೊರಗೇನೂ ಕಾಣೋದಿಲ್ಲವಾದ್ದರಿಂದ ಜಿಂಕೆಯೂ ಗುದ್ದಲು ಹೋಗೋದಿಲ್ಲ.

ದೊಡ್ಡಿ

ಗೋಡೆ ಪೂರ್ತಿ ಮುಚ್ಚಿದ್ದು, ಒಳಗೆ ಮಬ್ಬು ಬೆಳಕು. ಕತ್ತಲಲ್ಲಿ ಜಿಂಕೆ ಸುಮ್ನೆ ನಿಲ್ಲುತ್ತದೆ. ಮುಂದಕ್ಕೆ ಕಳಿಸಬೇಕೆಂದರೆ ಮುಂದಿನ ಕೋಣೆಯ ದೀಪ ಹಾಕಿ. ಉಳಿದದ್ದು ದನದ ಟ್ರೆವಿಸ್ (ಚಿಕಿತ್ಸೆಗೆ ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟು) ಪಾಠದಲ್ಲೇ ಇದೆ.