ನಿಂತಂತೆ ಕಂಡರೆ ಅದೇ ಅಪಾಯ

ಡಿಸೆಂಬರಿನ ಒಂದು ಬೆಳಿಗ್ಗೆ ಕಣದಲ್ಲಿ ಕಾಫಿ ಹಣ್ಣು ಹರಗುತ್ತಿದ್ದ ನಮ್ಮ ಮೇಸ್ತ್ರಿ ಕೈ ನಿಲ್ಲಿಸಿ ಮೇಲೆ ನೋಡಿದ. ನೀಲಿ ಆಕಾಶದಲ್ಲಿ ಎರಡು ಬಿಳಿ ಗೆರೆಗಳು ಕತ್ತರಿಯ ಹಾಗೆ ಕೂಡುತ್ತಿದ್ದವು. “ಅಯ್ಯೋ ಸಾರ್, ಡಿಕ್ಕಿ ಹೊಡ್ಕಂತವೆ!” ಹೊಡೆಯಲಿಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಗಳ ನಡುವೆ ಸಾವಿರ ಅಡಿ ಅಂತರವಿದ್ದರೂ ಕೆಳಗೆ ನಿಂತವನಿಗೆ ಎರಡೂ ಒಂದೇ ಮಟ್ಟದಲ್ಲಿದ್ದಂತೆ ಕಾಣುತ್ತವೆ.

ಮೇಸ್ತ್ರಿಯ ಭಯ ನನಗೆ ಇಷ್ಟವಾಯಿತು. ನನಗೆ ಸಿಟ್ಟು ಬರುವುದು ಅದರ ಉಲ್ಟಾ ಮಾತು ಕೇಳಿದಾಗ: “ಅಷ್ಟು ದೊಡ್ಡ ಆಕಾಶದಲ್ಲಿ ಗುದ್ದಿಕೊಳ್ಳಲಿಕ್ಕೆ ಗ್ರಹಚಾರವೇ ಕೆಟ್ಟಿರಬೇಕು.” ಗಿರಿಶ್ರೇಣಿಯೂ ದೊಡ್ಡದೇ. ಆದರೆ ಶನಿವಾರ ಕೈಮರದ ಚೆಕ್‌ಪೋಸ್ಟಿನಲ್ಲಿ ನಿಂತು ನೋಡಿ, ಮುಳ್ಳಯ್ಯನಗಿರಿಗೆ ಹೊರಟ ಕಾರುಗಳೆಲ್ಲ ಒಂದರ ಬಾಲಕ್ಕೆ ಒಂದು ಅಂಟಿಕೊಂಡಿರುತ್ತವೆ. ಆಕಾಶ ಎಷ್ಟೇ ಅಗಲವಿರಲಿ, ಇಳಿಯಬೇಕಾದ ರನ್‌ವೇ ಮಾತ್ರ ಒಂದೋ ಎರಡೋ.

1996ರ ನವೆಂಬರ್ 12ರ ಸಂಜೆ ದೆಹಲಿಯಲ್ಲಿ ಆದದ್ದು ಅದೇ. ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಆಗ ಅಲ್ಲಿ ಒಂದೇ ದಾರಿ. ಈಗ ತಾನೆ ಮೇಲೆದ್ದ ಸೌದಿ ಜಂಬೋ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್‌ಗೆ 15,000 ಅಡಿ ಎಂದು ನಿಯಂತ್ರಕರು ಹೇಳಿದ್ದರು. ಇಲ್ಯೂಷಿನ್ ಹೇಳಿದ ಎತ್ತರಕ್ಕಿಂತ ಕೆಳಗಿಳಿಯಿತು. ದೆಹಲಿಯ ರೇಡಾರ್ ಚುಕ್ಕಿ ತೋರಿಸುತ್ತಿತ್ತೇ ಹೊರತು ಎತ್ತರ ತೋರಿಸುತ್ತಿರಲಿಲ್ಲ. ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನ ಸತ್ತರು. ಇದಕ್ಕೆ ಶನಿಕಾಟ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರೆ ದಾರಿಗಳು ಬೇರೆಯಾಗುತ್ತಿರಲಿಲ್ಲ, ಡಿಕ್ಕಿ ತಪ್ಪಿಸುವ ಯಂತ್ರ ನಮ್ಮಲ್ಲಿ ಕಡ್ಡಾಯವೂ ಆಗುತ್ತಿರಲಿಲ್ಲ.

ಆ ಯಂತ್ರದ ವಿಷಯಕ್ಕೆ ಬರುವ ಮುಂಚೆ ನನ್ನದೇ ಒಂದು ಪೆದ್ದುತನ ಹೇಳಬೇಕು. ಕಡೂರಿನ ಬಯಲಲ್ಲಿ ನೇರ ರಸ್ತೆ. ಎರಡೂ ಕಡೆ ತೆಂಗು, ನಡುವೆ ಖಾಲಿ ಹೊಲ. ಎಡಗಡೆಯ ಅಡ್ಡರಸ್ತೆಯಿಂದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಅರ್ಧ ಕಿಲೋಮೀಟರಿನಿಂದ ಕಾಣಬೇಕಾದದ್ದು ನನಗೆ ಕೂಡುರಸ್ತೆ ಮುಟ್ಟುವವರೆಗೂ ಕಾಣಲಿಲ್ಲ. ಜೀಪಿನ ಮುಂದಿನ ಗಾಜಿನ ಎಡಬದಿಯ ಕಂಬದ ಹಿಂದೆ ಅದು ಅಷ್ಟೂ ಹೊತ್ತು ಅಲುಗಾಡದೆ ಕೂತಿತ್ತು. ಬ್ರೇಕ್ ಒತ್ತಿದೆ, ಕನ್ನಡಿಗೆ ಕಟ್ಟಿದ್ದ ನಿಂಬೆಹಣ್ಣು ಹಾರಿ ಮೇಸ್ತ್ರಿಯ ಮಡಿಲಿಗೆ ಬಿತ್ತು.

ಅದು ಅಲುಗಾಡದೆ ಇದ್ದದ್ದು ಆಕಸ್ಮಿಕವಲ್ಲ. ಇಬ್ಬರೂ ತಮ್ಮ ತಮ್ಮ ವೇಗ ಬದಲಿಸದೆ, ನೇರವಾಗಿ, ಒಂದೇ ಕ್ಷಣಕ್ಕೆ ಒಂದೇ ಜಾಗ ತಲುಪುವ ಹಾಗೆ ಹೊರಟಿದ್ದರೆ, ಎದುರಿನವನು ನನ್ನ ಕಣ್ಣಿಗೆ ಯಾವಾಗಲೂ ಒಂದೇ ದಿಕ್ಕಿನಲ್ಲಿರುತ್ತಾನೆ. ಗಾಜಿನ ಮೇಲೆ ಜರುಗುವವನು ನನ್ನ ಮುಂದೋ ಹಿಂದೋ ದಾಟಿಹೋಗುತ್ತಾನೆ. ಜರುಗದವನೇ ನನಗೆ ಗುದ್ದುವವನು. ನಮ್ಮ ಕಣ್ಣೋ, ಒಣಗಿದ ಎಲೆಗಳ ನಡುವೆ ಹಾವು ಹರಿದರೆ ತಕ್ಷಣ ಹಿಡಿಯುತ್ತದೆ, ಸುಮ್ಮನೆ ಮಲಗಿದ ಹಾವನ್ನು ತುಳಿಯುತ್ತದೆ. ಕಾಕ್‌ಪಿಟ್ಟಿನ ಗಾಜಿನಲ್ಲಿ ಸೊಳ್ಳೆಯಷ್ಟು ಚುಕ್ಕಿ ಬಹಳ ಹೊತ್ತು ಸೊಳ್ಳೆಯಷ್ಟೇ ಇದ್ದು, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ಗಾಜು ತುಂಬಿಬಿಡುತ್ತದೆ. “ಪೈಲಟ್ ಕಣ್ಣು ಬಿಟ್ಟು ನೋಡಬೇಕಿತ್ತು” ಎನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಹಾಗಾದರೆ ಯಂತ್ರ ದೂರ ಅಳೆಯಲಿ ಅನ್ನುತ್ತೀರಿ. ಅಳೆಯುತ್ತದೆ, ಆದರೆ ದೂರವನ್ನು ನಂಬುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿದ್ಯೆಯ ಸೊಗಸು ಇರುವುದೇ ಇಲ್ಲಿ. ಗಂಟೆಗೆ 800 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರಾಗಿ 10 ಕಿಲೋಮೀಟರ್ ದೂರದಲ್ಲಿದ್ದರೆ ಉಳಿದಿರುವುದು 22 ಸೆಕೆಂಡು. ಅದೇ 10 ಕಿಲೋಮೀಟರ್ ಹಿಂದಿನಿಂದ, ಗಂಟೆಗೆ 40 ಕಿಲೋಮೀಟರಷ್ಟೇ ಹೆಚ್ಚು ವೇಗದಲ್ಲಿ ಒಂದು ವಿಮಾನ ಬರುತ್ತಿದ್ದರೆ ಉಳಿದಿರುವುದು 15 ನಿಮಿಷ; ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಆದ್ದರಿಂದ ದೂರವನ್ನು ಹತ್ತಿರವಾಗುವ ವೇಗದಿಂದ ಭಾಗಿಸಿ, ಬಂದ ಸಮಯದ ಮೇಲೆ ನಿರ್ಧರಿಸು ಎಂಬ ಉಪಾಯ. ಒಲೆ ಮೇಲಿನ ಹಾಲು ಪಾತ್ರೆಯ ಅಂಚಿಗೆ ಎಷ್ಟು ಬೆರಳು ಕೆಳಗಿದೆ ಎಂದು ಯಾರೂ ಅಳೆಯುವುದಿಲ್ಲ, ಎಷ್ಟು ಬೇಗ ಏರುತ್ತಿದೆ ಎಂದು ನೋಡಿಕೊಂಡೇ ಓಡುತ್ತೇವೆ.

ಟಿಕಾಸ್ ಎಂಬ ಈ ಪೆಟ್ಟಿಗೆ ಸುತ್ತಲಿನ ವಿಮಾನಗಳಿಗೆ ರೇಡಿಯೋದಲ್ಲಿ “ಯಾರಲ್ಲಿ?” ಎಂದು ಕೂಗುತ್ತಿರುತ್ತದೆ. ಆ ವಿಮಾನಗಳಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಉತ್ತರ ಕೊಡುವ ಯಂತ್ರ ತನ್ನ ಎತ್ತರ ಹೇಳುತ್ತದೆ; ಉತ್ತರ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಮೊದಲು ಬರೀ ಎಚ್ಚರಿಕೆ. ಎತ್ತರಕ್ಕೆ ತಕ್ಕಂತೆ 15ರಿಂದ 35 ಸೆಕೆಂಡು ಉಳಿದಾಗ ಆಜ್ಞೆ: ಏರು, ಇಲ್ಲವೇ ಇಳಿ. ಎಡಕ್ಕೆ ಬಲಕ್ಕೆ ತಿರುಗು ಎನ್ನುವುದಿಲ್ಲ, ಏಕೆಂದರೆ ಎದುರಿನ ವಿಮಾನದ ದಿಕ್ಕು ಅದಕ್ಕೆ ಅಷ್ಟು ಕರಾರುವಾಕ್ಕಾಗಿ ತಿಳಿಯದು. ಓಣಿಯಲ್ಲಿ ಎದುರಾದ ಇಬ್ಬರು ಒಂದೇ ಕಡೆ ಸರಿದು, ಮತ್ತೆ ಒಂದೇ ಕಡೆ ಸರಿದು ನಗುತ್ತಾರಲ್ಲ, ಆ ಪೇಚಾಟ ಇಲ್ಲಿ ಆಗಬಾರದು. ಅದಕ್ಕೆ ಎರಡೂ ಪೆಟ್ಟಿಗೆಗಳು ಮಾತಾಡಿಕೊಳ್ಳುತ್ತವೆ. ಎರಡೂ ಒಟ್ಟಿಗೇ “ಏರುತ್ತೇನೆ” ಎಂದರೆ, ಯಾವ ವಿಮಾನದ ಗುರುತಿನ ಸಂಖ್ಯೆ ದೊಡ್ಡದೋ ಅದು ಮಣಿಯಬೇಕು. ನಮ್ಮ ಘಾಟಿ ತಿರುವುಗಳಲ್ಲಿ ದೊಡ್ಡ ಬಸ್ಸು ಸಣ್ಣ ಆಟೋಗೆ ದಾರಿ ಬಿಟ್ಟ ಹಾಗೆ, ಎಂದು ಬರೆಯಬೇಕೆನಿಸುತ್ತದೆ. ನೋಡಿದವರು ಯಾರು?

ಮನುಷ್ಯರ ಮಾತು ನಡುವೆ ಬಂದರೆ ಏನಾಗುತ್ತದೆಂದು 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಗೊತ್ತಾಯಿತು. ರಷ್ಯಾದ ಟುಪೊಲೆವ್‌ಗೆ ಯಂತ್ರ ಏರು ಎಂದಿತು, ನಿಯಂತ್ರಕ ಇಳಿ ಎಂದ. ಪೈಲಟ್ ಇಳಿದ. ಎದುರಿನ ಸರಕು ವಿಮಾನ ತನ್ನ ಯಂತ್ರದ ಮಾತು ಕೇಳಿ ಇಳಿಯುತ್ತಲೇ ಇತ್ತು. 71 ಜನ, ಹೆಚ್ಚಿನವರು ಶಾಲಾಮಕ್ಕಳು. ಆಮೇಲೆ ನಿಯಮ ಸ್ಪಷ್ಟವಾಯಿತು: ಯಂತ್ರ ಆಜ್ಞೆ ಕೊಟ್ಟರೆ ಯಾರ ಮಾತೂ ಕೇಳಬೇಡ.

ಎತ್ತರ ಅಂದೆನಲ್ಲ, ಅದನ್ನು ಅಳೆಯುವುದು ಗಾಳಿಯ ಒತ್ತಡದಿಂದ. ಊರಲ್ಲಿ ಕೊಂಡ ಚಿಪ್ಸ್ ಪೊಟ್ಟಣ 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಬಲೂನಾಗುವುದು ಇದೇ ಒತ್ತಡ ಇಳಿಯುವುದರಿಂದ. ಒತ್ತಡ ದಿನದಿನಕ್ಕೂ ಬದಲಾಗುತ್ತದೆ, ಹಾಗಾಗಿ ಮೇಲಿನ ವಿಮಾನಗಳ ಎತ್ತರದ ಲೆಕ್ಕ ನಿಜಕ್ಕೂ ಸ್ವಲ್ಪ ತಪ್ಪು. ಎಲ್ಲವೂ ತಮ್ಮ ಮಾಪಕವನ್ನು 1013 ಹೆಕ್ಟೋಪ್ಯಾಸ್ಕಲ್‌ಗೇ ಇಟ್ಟುಕೊಂಡಿರುವುದರಿಂದ ಒಂದು ಜಾಗದಲ್ಲಿ ಎಲ್ಲರ ತಪ್ಪೂ ಒಂದೇ, ನಡುವಿನ ಅಂತರ ಕೆಡುವುದಿಲ್ಲ.

ಇಷ್ಟನ್ನೂ ಕಣದ ಕಟ್ಟೆ ಮೇಲೆ ಕೂತು ಹೇಳಿದೆ. ಮೇಸ್ತ್ರಿ ಬೀಡಿ ಆರಿಸಿ ಕೇಳಿದ, “ಒಬ್ಬನ ಡಬ್ಬ ಆಫ್ ಆಗಿದ್ರೆ?”

ಅದೂ ಆಗಿದೆ. ಪೂರ್ವಕ್ಕೆ ಹೋಗುವವರು ಬೆಸ ಸಾವಿರ ಅಡಿಗಳಲ್ಲಿ, ಪಶ್ಚಿಮಕ್ಕೆ ಹೋಗುವವರು ಸಮ ಸಾವಿರ ಅಡಿಗಳಲ್ಲಿ ಹಾರಬೇಕೆಂಬುದು ಸಾಮಾನ್ಯ ಪದ್ಧತಿ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಕಾಡಿನ ಮೇಲೆ ಒಂದು ಸಣ್ಣ ಜೆಟ್ ವಾಯವ್ಯಕ್ಕೆ ತಿರುಗಿದ ಮೇಲೂ 37,000 ಅಡಿಯಲ್ಲೇ ಉಳಿದಿತ್ತು, ಅದರ ಟ್ರಾನ್ಸ್‌ಪಾಂಡರ್ ಆಫ್ ಆಗಿತ್ತು. ಎದುರಿನಿಂದ ಅದೇ ಎತ್ತರದಲ್ಲಿ ಬೋಯಿಂಗ್ 737. ಹಳೆಯ ಉಪಕರಣಗಳ ಕಾಲವಾಗಿದ್ದರೆ ಇಬ್ಬರೂ ದಾರಿಯಿಂದ ಒಂದಷ್ಟು ಆಚೀಚೆ ಹಾರುತ್ತಿದ್ದರೇನೋ. ಈಗಿನ ಉಪಕರಣಗಳು ಇಬ್ಬರನ್ನೂ ಒಂದೇ ಗೆರೆಯ ಮೇಲೆ ಗೆರೆ ತಪ್ಪದಂತೆ ತಂದಿದ್ದವು. ಜೆಟ್ಟಿನ ರೆಕ್ಕೆಯ ತುದಿ ಬೋಯಿಂಗಿನ ಎಡ ರೆಕ್ಕೆಯನ್ನು ಕತ್ತರಿಸಿತು. ಬೋಯಿಂಗಿನಲ್ಲಿದ್ದ 154 ಜನರೂ ಹೋದರು. ಜೆಟ್ಟಿನಲ್ಲಿದ್ದ ಏಳು ಜನ ಮುರಿದ ರೆಕ್ಕೆಯಲ್ಲೇ ಹತ್ತಿರದ ರನ್‌ವೇಯಲ್ಲಿ ಇಳಿದರು. ತಮಗೆ ಏನು ತಾಗಿತೆಂದು ಆಗ ಅವರಿಗೆ ಗೊತ್ತಿರಲಿಲ್ಲ.