ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಎಸ್ಎಸ್ಎಲ್‌ಸಿ ಪರೀಕ್ಷೆ ಹತ್ತಿರವಾದಂತೆ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಬಂದ್ ಆಗುತ್ತದೆ, ನೆಂಟರ ಮದುವೆಗೆ ಮನೆಯಿಂದ ಯಾರಾದರೂ ಒಬ್ಬರು ಹೋಗಿ ಮುಖ ತೋರಿಸಿ ಬರುತ್ತಾರೆ, ಮಗು ಎಷ್ಟು ಹೊತ್ತು ಪುಸ್ತಕ ಹಿಡಿದು ಕೂತಿತ್ತು ಎಂಬುದೇ ಓದಿನ ಅಳತೆಯಾಗುತ್ತದೆ. ಅಷ್ಟು ಹೊತ್ತು ಕೂತ ಮಗು ಮಾಡುವುದು ಹೆಚ್ಚಾಗಿ ಒಂದೇ ಕೆಲಸ: ಓದಿದ ಪಾಠವನ್ನೇ ಮತ್ತೆ ಓದುವುದು, ಮುಖ್ಯವೆನಿಸಿದ ಸಾಲುಗಳ ಕೆಳಗೆ ಗೆರೆ ಎಳೆಯುವುದು. ಹೀಗೆ ಶ್ರದ್ಧೆಯಿಂದ ಓದಿದ ಮಕ್ಕಳೂ ‘ಎಲ್ಲಾ ಓದಿದ್ದೆ, ಬರೆಯುವಾಗ ನೆನಪಿಗೇ ಬರಲಿಲ್ಲ’ ಎನ್ನುತ್ತಾ ಪರೀಕ್ಷಾ ಕೊಠಡಿಯಿಂದ ಹೊರಬರುತ್ತಾರೆ. ಇದನ್ನು ಸೋಮಾರಿತನವೆಂದೋ ಬುದ್ಧಿ ಸಾಲದೆಂದೋ ಬಗೆಯುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ಓದಿದ್ದನ್ನೇ ಓದುವ ವಿಧಾನದಲ್ಲಿಯೇ ಕೊರತೆಯಿದೆ ಎಂಬುದನ್ನು ಮನೋವಿಜ್ಞಾನದ ಪ್ರಯೋಗಗಳು ಸ್ಪಷ್ಟವಾಗಿ ತೋರಿಸಿವೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಅಂಥದೊಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದುತ್ತಲೇ ಇದ್ದರು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಠ್ಯವನ್ನು ನೋಡದೆ ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆದರು. ಐದು ನಿಮಿಷ ಕಳೆದು ಪರೀಕ್ಷಿಸಿದಾಗ ಓದುತ್ತಲೇ ಇದ್ದವರಿಗೆ ಶೇ 83ರಷ್ಟು ವಿಷಯ ನೆನಪಿತ್ತು, ಬರೆದು ನೋಡಿಕೊಂಡವರಿಗೆ ಶೇ 71ರಷ್ಟು. ಒಂದು ವಾರದ ನಂತರ ಪರೀಕ್ಷಿಸಿದಾಗ ಫಲಿತಾಂಶ ತಿರುವುಮುರುವಾಗಿತ್ತು: ಮೊದಲ ಗುಂಪಿನಲ್ಲಿ ಶೇ 40 ಉಳಿದಿದ್ದರೆ, ಎರಡನೆಯದರಲ್ಲಿ ಶೇ 61 ಉಳಿದಿತ್ತು. ನನಗೆ ಈ ಅಂಕಿಗಳಿಗಿಂತಲೂ ಮುಖ್ಯವಾಗಿ ಕಾಣುವುದು ಅದೇ ಪ್ರಯೋಗದ ಮತ್ತೊಂದು ಸಂಗತಿ. ವಾರದ ನಂತರ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಹೆಚ್ಚಿನ ಭರವಸೆ ತೋರಿದವರು ಓದುತ್ತಲೇ ಇದ್ದ ಗುಂಪಿನವರು.

ಮೂರನೆಯ ಸಲ ಓದುವಾಗ ಪಾಠ ಸಲೀಸಾಗಿ ಸಾಗುತ್ತದೆ, ಪ್ರತಿ ಸಾಲೂ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ನಂಬಿಬಿಡುತ್ತೇವೆ. ಪ್ರಶ್ನೆಪತ್ರಿಕೆಯ ಮುಂದೆ ಬೇಕಾಗುವ ಸಾಮರ್ಥ್ಯವೇ ಬೇರೆ. ಅಲ್ಲಿ ಕಣ್ಣೆದುರು ಪಠ್ಯವಿಲ್ಲ. ಉತ್ತರವನ್ನು ಒಳಗಿನಿಂದಲೇ ತೆಗೆಯಬೇಕು. ಹಾಗೆ ತೆಗೆಯುವ ಶ್ರಮವೇ ನೆನಪನ್ನು ಗಟ್ಟಿಗೊಳಿಸುತ್ತದೆ.

ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಬರುವ ಹೃದಯದ ಚಿತ್ರವನ್ನೇ ನೋಡೋಣ. ಪುಸ್ತಕ ತೆರೆದಿರುವಾಗ ನಾಲ್ಕು ಕೋಣೆಗಳು, ರಕ್ತನಾಳಗಳು, ಬಾಣದ ಗುರುತುಗಳು ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ರಕ್ತದ ದಾರಿಯನ್ನು ಬರೆಯಲು ಕೂತರೆ ಕೈ ನಿಲ್ಲುವ ಜಾಗಗಳು ಒಂದೊಂದಾಗಿ ಎದುರಾಗುತ್ತವೆ. ಶ್ವಾಸಕೋಶದಿಂದ ಮರಳುವ ರಕ್ತ ಎಡ ಹೃತ್ಕರ್ಣಕ್ಕೆ ಬರುವುದೋ ಬಲಕ್ಕೋ? ಆಮ್ಲಜನಕ ತುಂಬಿದ ಆ ರಕ್ತವನ್ನು ತರುವ ನಾಳ ಅಪಧಮನಿಯೋ ಅಭಿಧಮನಿಯೋ? ಎಡ ಹೃತ್ಕುಕ್ಷಿಯ ಗೋಡೆ ಏಕೆ ಹೆಚ್ಚು ದಪ್ಪ? ಹೀಗೆ ತಡವರಿಸಿದ ನಂತರ ಪುಸ್ತಕ ತೆರೆದು, ಅಭಿಧಮನಿ ಎಂದು ನಾಳಕ್ಕೆ ಹೆಸರು ಬರುವುದು ರಕ್ತವನ್ನು ಹೃದಯದ ಕಡೆಗೆ ತರುವುದರಿಂದ, ಆಮ್ಲಜನಕ ಇದೆಯೋ ಇಲ್ಲವೋ ಎಂಬುದರಿಂದ ಅಲ್ಲ ಎಂದು ಕಂಡುಕೊಂಡ ವಿದ್ಯಾರ್ಥಿ ಆ ವ್ಯತ್ಯಾಸವನ್ನು ಸುಲಭವಾಗಿ ಮರೆಯುವುದಿಲ್ಲ. ತಪ್ಪನ್ನು ಕೂಡಲೇ ಪುಸ್ತಕ ನೋಡಿ ತಿದ್ದಿಕೊಳ್ಳುವುದು ಈ ವಿಧಾನದ ಅವಿಭಾಜ್ಯ ಭಾಗ; ಇಲ್ಲದಿದ್ದರೆ ತಪ್ಪೇ ಮನಸ್ಸಿನಲ್ಲಿ ಬೇರೂರುವ ಅಪಾಯವಿದೆ. ಪಾಠ ಅರ್ಥವೇ ಆಗದಿದ್ದವರು ಮೊದಲು ಶಿಕ್ಷಕರನ್ನೋ ಸಹಪಾಠಿಯನ್ನೋ ಕೇಳಿ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮ ಶಾಲೆಗಳಲ್ಲಿ ಮಗ್ಗಿ ಒಪ್ಪಿಸುವ, ಪದ್ಯ ಒಪ್ಪಿಸುವ ರೂಢಿ ಹಿಂದಿನಿಂದ ಇದೆ. ಅರ್ಥ ತಿಳಿಯದ ಬಾಯಿಪಾಠವನ್ನು ನಾನು ಸಮರ್ಥಿಸಲಾರೆ; ಆದರೆ ಪುಸ್ತಕ ಬದಿಗಿಟ್ಟು ಇನ್ನೊಬ್ಬರ ಮುಂದೆ ಹೇಳುವ ಆ ಕ್ರಮದೊಳಗೆ ಉಳಿಸಿಕೊಳ್ಳಬೇಕಾದ ಒಳ್ಳೆಯ ಅಂಶವಿದೆ. ಓದುಬರಹ ಹೆಚ್ಚು ತಿಳಿಯದ ಅಮ್ಮನ ಮುಂದೆ ಕೂಡ ಮಗು ಪಾಠವನ್ನು ತನ್ನ ಮಾತಿನಲ್ಲಿ ಹೇಳಬಹುದು, ಆಕೆ ‘ಅದು ಯಾಕೆ ಹಾಗೆ?’ ಎಂದು ಕೇಳಿದರೆ ಅದೇ ಒಳ್ಳೆಯ ಪರೀಕ್ಷೆ.

ಯಾವಾಗ ನೆನಪಿಸಿಕೊಳ್ಳಬೇಕು ಎಂಬುದೂ ಮುಖ್ಯ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ತನ್ನ ಮರೆವನ್ನೇ ಅಳೆದು 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಮರೆವು ಮೊದಲ ಗಂಟೆಗಳಲ್ಲಿ ಅತಿ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ. ಕಲಿಕೆಯನ್ನು ಹಲವು ದಿನಗಳಿಗೆ ಹಂಚಿದರೆ ಒಂದೇ ಸಲ ಕೂತು ಕಲಿಯುವುದಕ್ಕಿಂತ ಕಡಿಮೆ ಶ್ರಮ ಸಾಕೆಂಬುದನ್ನೂ ಆತ ಗಮನಿಸಿದ್ದ. ಆದ್ದರಿಂದ ಭಾನುವಾರ ಒಂದೇ ಪಾಠಕ್ಕೆ ಮೂರು ಗಂಟೆ ಕೊಡುವ ಬದಲು ಇಂದು ಒಂದು ಗಂಟೆ, ಎರಡು ದಿನ ಬಿಟ್ಟು ಅರ್ಧ ಗಂಟೆ, ವಾರ ಬಿಟ್ಟು ಮತ್ತೆ ಅರ್ಧ ಗಂಟೆ ಕೊಡುವುದು ಲಾಭದಾಯಕ. ನಡುವೆ ಸ್ವಲ್ಪ ಮರೆತಂತಾಗುವುದರಿಂದ ಗಾಬರಿಯಾಗಬೇಕಿಲ್ಲ. ಮಸುಕಾದದ್ದನ್ನು ಕಷ್ಟಪಟ್ಟು ನೆನಪಿಸಿಕೊಂಡಾಗಲೇ ಅದು ಹೆಚ್ಚು ಕಾಲ ಉಳಿಯುತ್ತದೆ.

ಗಣಿತದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯಲು ಕಲಿತರು. ಒಂದೊಂದು ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದವರಿಗೆ ಅಭ್ಯಾಸದ ಸಮಯದಲ್ಲಿ ಶೇ 89ರಷ್ಟು ಲೆಕ್ಕಗಳು ಸರಿ ಬಂದವು, ಕಲಸಿಕೊಂಡು ಮಾಡಿದವರಿಗೆ ಶೇ 60ರಷ್ಟು. ವಾರದ ನಂತರದ ಪರೀಕ್ಷೆಯಲ್ಲಿ ಮೊದಲನೆಯವರು ಶೇ 20ಕ್ಕೆ ಕುಸಿದರು, ಕಲಸಿ ಮಾಡಿದವರು ಶೇ 63 ಪಡೆದರು. ಶಂಕುವಿನ ಹತ್ತು ಲೆಕ್ಕಗಳನ್ನು ಸಾಲಾಗಿ ಬಿಡಿಸುವಾಗ ಯಾವ ಸೂತ್ರ ಹಾಕಬೇಕೆಂಬ ಯೋಚನೆಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಬಹಳ ಸಲ ಅಲ್ಲಿಯೇ. ಪಾಠ ಮುಗಿದ ಮೇಲೆ ಶಂಕು, ಸಿಲಿಂಡರ್, ಗೋಳಗಳ ಲೆಕ್ಕಗಳನ್ನೂ, ಅವುಗಳ ಜೊತೆಗೆ ವರ್ಗ ಸಮೀಕರಣದ್ದೋ ಸಮಾಂತರ ಶ್ರೇಢಿಯದ್ದೋ ಒಂದೆರಡನ್ನೂ ಬೆರೆಸಿ ಬಿಡಿಸಬೇಕು. ತಪ್ಪುಗಳು ಹೆಚ್ಚುತ್ತವೆ, ಮಗು ಬೇಸರಿಸಿಕೊಳ್ಳುತ್ತದೆ; ಆಗ ಧೈರ್ಯ ಹೇಳುವವರು ಹತ್ತಿರ ಇರಬೇಕು.

ರಾತ್ರಿಯಿಡೀ ಎದ್ದು ಓದುವ ಅಭ್ಯಾಸವನ್ನಂತೂ ಬಿಡಲೇಬೇಕು. ಹಗಲು ಕಲಿತದ್ದು ನಿದ್ದೆಯಲ್ಲಿ ಮಿದುಳಿನೊಳಗೆ ಸ್ಥಿರಗೊಳ್ಳುತ್ತದೆ. ನಿದ್ದೆಗೆಟ್ಟವರಿಗೆ ಮರುದಿನ ಪ್ರಶ್ನೆಯನ್ನು ಗಮನವಿಟ್ಟು ಓದುವುದೂ ಕಷ್ಟ.

ಇಷ್ಟನ್ನೂ ಒಟ್ಟಿಗೆ ಬಳಸಿಕೊಳ್ಳುವ ಅವಕಾಶ ಪೂರ್ವಸಿದ್ಧತಾ ಪರೀಕ್ಷೆಯಲ್ಲಿದೆ, ನಾವದನ್ನು ಸರಿಯಾಗಿ ಬಳಸುತ್ತಿಲ್ಲ. ಉತ್ತರಪತ್ರಿಕೆ ಕೈಗೆ ಬಂದಾಗ ಮನೆಮಂದಿ ನೋಡುವುದು ಮೇಲಿನ ಅಂಕವನ್ನು. ಅದನ್ನು ಬದಿಗಿರಿಸಿ, ಅಂಕ ಹೋದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಬೇಕು: ನೆನಪಾಗಲಿಲ್ಲವೋ, ಸೂತ್ರ ಆಯ್ಕೆ ತಪ್ಪಿತೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ, ಸಮಯ ಸಾಲಲಿಲ್ಲವೋ. ಮಾರನೆಯ ದಿನ ಅವೇ ಪ್ರಶ್ನೆಗಳಿಗೆ ಪುಸ್ತಕ ನೋಡದೆ ಉತ್ತರ ಬರೆದು, ವಾರ ಬಿಟ್ಟು ಇನ್ನೊಮ್ಮೆ ಬರೆಯಬೇಕು. ಎರಡನೆಯ ಸಲವೂ ಕೈ ನಿಂತ ಪ್ರಶ್ನೆಗಳ ಪಟ್ಟಿ ಬಹಳ ಚಿಕ್ಕದಾಗಿರುತ್ತದೆ, ಅಂತಿಮ ಪರೀಕ್ಷೆಯ ಹಿಂದಿನ ದಿನಗಳನ್ನು ಕೊಡಬೇಕಾದದ್ದು ಅದಕ್ಕೆ.