ಅಂಗೈಯಗಲದ ಹಿಡಿತ

ಕೊಡಚಾದ್ರಿಯ ನೆತ್ತಿ ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಜನರನ್ನು ಹತ್ತಿಸುವ ಜೀಪುಗಳ ಕೊನೆಯ ಕೆಲವು ಕಿಲೋಮೀಟರುಗಳ ಹಾದಿಯನ್ನು ರಸ್ತೆ ಎನ್ನುವುದಕ್ಕಿಂತ ಮಳೆನೀರು ಕೊರೆದ ಕೊರಕಲು ಎನ್ನುವುದೇ ಸರಿ. ಒಂದು ಗಾಲಿ ಬಂಡೆಯ ಮೇಲೇರಿದಾಗ ಇನ್ನೊಂದು ಹೊಂಡಕ್ಕಿಳಿದಿರುತ್ತದೆ, ಮೂರನೆಯದರ ಕೆಳಗೆ ಕೆಂಪು ಕೆಸರು, ನಾಲ್ಕನೆಯದು ಅರೆಕ್ಷಣ ಗಾಳಿಯಲ್ಲಿ. ಹೀಗೆ ಹತ್ತುವ ಗಾಡಿಗಳಲ್ಲಿ ಹೆಚ್ಚಿನವು ಹಳೆಯ ಮಹೀಂದ್ರ ಜೀಪುಗಳು. ಅವುಗಳ ಮೈಮೇಲೆ ಅಲಂಕಾರವೂ ಇಲ್ಲ, ಅಗಲವಾದ ಟೈರುಗಳೂ ಇಲ್ಲ. ಹೊಸ ಫೋರ್ ವೀಲ್ ಡ್ರೈವ್ ಕೊಂಡು ಮಾರನೆಯ ದಿನವೇ ಬಿಡಿಭಾಗಗಳ ಅಂಗಡಿಗೆ ಹೋಗುವವರು ಮೊದಲು ಈ ಜೀಪುಗಳ ಗಾಲಿ ನೆಲವನ್ನು ಮುಟ್ಟುವ ಜಾಗವನ್ನು ಬಗ್ಗಿ ನೋಡಬೇಕೆಂದು ನನ್ನ ಆಸೆ.

ಆ ಜಾಗ ಎಷ್ಟು ದೊಡ್ಡದು? ಜನರೂ ಸಾಮಾನೂ ಸೇರಿ 1,800 ಕಿಲೋ ತೂಗುವ ಗಾಡಿಯೊಂದರ ಪ್ರತಿ ಗಾಲಿಯ ಮೇಲೆ ಸುಮಾರು 450 ಕಿಲೋ ಭಾರ ಬೀಳುತ್ತದೆ. ಟೈರಿನಲ್ಲಿ 32 ಪೌಂಡ್ ಗಾಳಿಯಿದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಒತ್ತಡಕ್ಕೆ ಸಮ. ಭಾರವನ್ನು ಒತ್ತಡದಿಂದ ಭಾಗಿಸಿದರೆ 200 ಚದರ ಸೆಂಟಿಮೀಟರ್, ಅಂದರೆ ಬೆರಳು ಜೋಡಿಸಿ ಚಾಚಿದ ಅಂಗೈಗಿಂತ ತುಸುವೇ ದೊಡ್ಡ ಜಾಗ. ಎಂಜಿನ್ನಿನ ಶಕ್ತಿಯೆಲ್ಲ ಕೊನೆಗೆ ಇಂಥ ನಾಲ್ಕು ಅಂಗೈಗಳ ಮೂಲಕವೇ ನೆಲಕ್ಕೆ ತಲುಪಬೇಕು. ಗಾಳಿಯನ್ನು 16 ಪೌಂಡಿಗೆ ಇಳಿಸಿದರೆ ಲೆಕ್ಕದ ಪ್ರಕಾರ ಈ ಜಾಗ ಇಮ್ಮಡಿಯಾಗುತ್ತದೆ. ಟೈರಿನ ಪಕ್ಕದ ಗೋಡೆಯೂ ಒಂದಷ್ಟು ಭಾರ ಹೊರುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯಾದೀತು. ಹೀಗೆ ಹಿಗ್ಗುವಾಗ ಅದು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹಿಗ್ಗುತ್ತದೆ. ಒಂದು ಪೈಸೆಯೂ ಖರ್ಚಿಲ್ಲದ ಈ ಮಾರ್ಪಾಡು ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು.

ಶಾಲೆಯಲ್ಲಿ ಘರ್ಷಣೆಯ ಪಾಠ ಓದಿದವರು ಇಲ್ಲಿ ಆಕ್ಷೇಪ ಎತ್ತಬಹುದು: ಘರ್ಷಣೆ ತಗಲುವ ಜಾಗದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲವಲ್ಲ? ಗಟ್ಟಿ ವಸ್ತುಗಳ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಮಣ್ಣಿನ ಮೇಲೆ ಜಾರುವುದು ಟೈರು ಮಾತ್ರವಲ್ಲ, ಟೈರಿನಡಿಯ ಮಣ್ಣಿನ ಪದರವೇ ಕೆಳಗಿನ ಪದರದಿಂದ ಕಿತ್ತು ಸರಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಎಂಜಿನಿಯರ್ ಕೂಲಂಬ್ ತೋರಿಸಿಕೊಟ್ಟಂತೆ, ಮಣ್ಣು ಹೀಗೆ ಕಿತ್ತುಬರದಂತೆ ತಡೆಯುವ ಬಲದಲ್ಲಿ ಎರಡು ಪಾಲುಗಳಿವೆ. ಒಂದು, ಕಣಗಳ ನಡುವಿನ ಉಜ್ಜಾಟ. ಇದು ಮೇಲಿನ ಭಾರದೊಂದಿಗೆ ಹೆಚ್ಚುತ್ತದೆ. ಇನ್ನೊಂದು, ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಬಲ. ಇದು ವಿಸ್ತೀರ್ಣದೊಂದಿಗೆ ಹೆಚ್ಚುತ್ತದೆ. ಜೇಡಿಮಣ್ಣಿನಲ್ಲಿ ಎರಡನೆಯ ಪಾಲು ದೊಡ್ಡದು, ಆದ್ದರಿಂದ ಟೈರು ಹರಡಿಕೊಂಡಷ್ಟೂ ಲಾಭ. ಒಣ ಮರಳಿನಲ್ಲಿ ಅಂಟು ಇಲ್ಲವೆಂದೇ ಹೇಳಬಹುದು. ಅಲ್ಲಿ ಹರಡಿಕೊಂಡ ಟೈರು ಹೂತುಹೋಗುವುದಿಲ್ಲ ಎಂಬುದೇ ಲಾಭ. ಇಪ್ಪತ್ತನೆಯ ಶತಮಾನದಲ್ಲಿ ಪೋಲೆಂಡ್ ಮೂಲದ ಎಂಜಿನಿಯರ್ ಬೆಕರ್ ನೆಲ ಮತ್ತು ಗಾಲಿಯ ಈ ಸಂಬಂಧವನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿಯೇ ಬೆಳೆಸಿದರು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ಧೂಳಿನ ಮೇಲೆ ಓಡಿಸಿದ, ತಂತಿ ಹೆಣೆದ ಗಾಲಿಗಳ ಗಾಡಿಯ ಹಿಂದೆ ಅವರ ಕೆಲಸವೂ ಇದೆ.

ಮಲೆನಾಡಿನ ಕೆಸರಿಗೆ ಮಾತ್ರ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಇಲ್ಲಿ ಅನೇಕ ಕಡೆ ಮೇಲೆ ನಾಲ್ಕು ಬೆರಳು ನುಣುಪಾದ ಕೆಸರಿದ್ದರೆ ಅದರ ಕೆಳಗೆ ಗಟ್ಟಿಯಾದ ಜಂಬಿಟ್ಟಿಗೆ ನೆಲ ಇರುತ್ತದೆ. ಇಂಥಲ್ಲಿ ಕೆಸರಿನ ಮೇಲೆ ತೇಲುವ ಅಗಲ ಟೈರಿಗಿಂತ, ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಕಚ್ಚುವ ಕಿರಿದಾದ ಟೈರೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಳೆಯ ವಿಲ್ಲೀಸ್ ಜೀಪುಗಳ 6.00-16 ಅಳತೆಯ ತೆಳ್ಳನೆಯ ಟೈರುಗಳು ಈ ನೆಲಕ್ಕೆ ಅಷ್ಟು ಚೆನ್ನಾಗಿ ಒಗ್ಗಿದ್ದು ಇದೇ ಕಾರಣಕ್ಕೆ. ಅಗಲ ಟೈರು ನೋಡಲು ಚೆನ್ನಾಗಿರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕೊಡಗಿನ ಅಥವಾ ಸಕಲೇಶಪುರದ ತೋಟದ ದಾರಿಗೆ ಅದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಟೈರಿನ ಎತ್ತರ ಹೆಚ್ಚಿಸುವುದಕ್ಕೂ ಬೆಲೆಯಿದೆ. 245/75 ಆರ್16 ಅಳತೆಯ ಟೈರಿನ ವ್ಯಾಸ ಸುಮಾರು 774 ಮಿಲಿಮೀಟರ್. 235/85 ಆರ್16ರದು 806. ವ್ಯತ್ಯಾಸ 32 ಮಿ.ಮೀ. ಆದರೂ ಆಕ್ಸಲ್ ಮೇಲೇರುವುದು ಅದರ ಅರ್ಧ, ಅಂದರೆ 16 ಮಿ.ಮೀ. ಮಾತ್ರ. ಇಷ್ಟಕ್ಕೇ ಗಾಲಿಯ ಅಂಚಿನಲ್ಲಿ ಸಿಗುವ ಎಳೆತ ಶೇಕಡಾ 4ರಷ್ಟು ಕಡಿಮೆಯಾಗುತ್ತದೆ, ಮೀಟರು 80 ತೋರಿಸುವಾಗ ಗಾಡಿ 83ರಲ್ಲಿ ಓಡುತ್ತಿರುತ್ತದೆ, ಬ್ರೇಕಿಗೂ ಅಷ್ಟೇ ಹೆಚ್ಚಿನ ಕೆಲಸ ಬೀಳುತ್ತದೆ.

ಹಿಡಿತ ಸಿಕ್ಕಿದ ಮೇಲೂ ಗಾಡಿ ನಿಂತುಬಿಡುವುದುಂಟು. ಕೊರಕಲಿನಲ್ಲಿ ಎಡ ಮುಂಗಾಲಿ ಮತ್ತು ಬಲ ಹಿಂಗಾಲಿ ಎರಡೂ ನೆಲ ಬಿಟ್ಟರೆ, ನಾಲ್ಕೂ ಗಾಲಿಗೆ ಎಂಜಿನ್ ಜೋಡಿಸಿದ ಗಾಡಿಯೂ ನಿಂತಲ್ಲೇ ಎರಡು ಗಾಲಿಗಳನ್ನು ಗಿರಗಿರನೆ ತಿರುಗಿಸುತ್ತದೆ. ಇದಕ್ಕೆ ಕಾರಣ ಡಿಫರೆನ್ಷಿಯಲ್, ಅಂದರೆ ಆಕ್ಸಲಿನ ನಡುವೆ ಕೂತು ಎರಡು ಬದಿಯ ಗಾಲಿಗಳಿಗೆ ಬಲ ಹಂಚುವ ಗೇರುಗಳ ಜೋಡಣೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವೇಗ ಕೊಡಲು ಅದು ಬೇಕೇ ಬೇಕು. ಆದರೆ ಅದು ಎರಡೂ ಕಡೆಗೆ ಯಾವಾಗಲೂ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ಗಾಳಿಯಲ್ಲಿರುವ ಗಾಲಿಯನ್ನು ತಿರುಗಿಸಲು ಬಲವೇ ಬೇಕಿಲ್ಲ, ಆದ್ದರಿಂದ ನೆಲದ ಮೇಲಿರುವ ಗಾಲಿಗೂ ಅಷ್ಟೇ, ಅಂದರೆ ಏನೂ ಸಿಗುವುದಿಲ್ಲ. ಅನುಭವಿ ಚಾಲಕರು ಇಂಥಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದೇ ಆಕ್ಸಿಲರೇಟರ್ ಕೊಡುತ್ತಾರೆ. ಸುಮ್ಮನೆ ತಿರುಗುತ್ತಿದ್ದ ಗಾಲಿಗೆ ಬ್ರೇಕು ಒಡ್ಡಿದ ತಡೆಯಷ್ಟೇ ಬಲ ಎದುರುಗಡೆಯ ಗಾಲಿಗೂ ಹರಿದು ಗಾಡಿ ಮುಂದೆ ಸರಿಯುತ್ತದೆ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಮಾಡುವುದೂ ಇದನ್ನೇ, ಆದರೆ ಒಂದೊಂದೇ ಗಾಲಿಯನ್ನು ಆರಿಸಿ. ಡಿಫರೆನ್ಷಿಯಲ್ಲನ್ನು ಬಿಗಿದು ಕಟ್ಟುವ ಲಾಕರ್ ಹಾಕಿಸಿದರೆ ಎರಡೂ ಗಾಲಿಗಳು ಒಂದೇ ಕಂಬಿಗೆ ಬೆಸೆದಂತಾಗಿ ಹಿಡಿತವಿರುವ ಗಾಲಿಗೆ ಪೂರ್ತಿ ಬಲ ಹೋಗಬಲ್ಲದು.

ಅಲ್ಲಿಂದಲೇ ಮುಂದಿನ ಕಥೆ ಶುರು. ಎರಡು ಹೋಳಾಗಿ ಹಂಚಿಹೋಗುತ್ತಿದ್ದ ಬಲವನ್ನು ಈಗ ಒಂದೇ ಆಕ್ಸಲ್ ಶಾಫ್ಟ್ ತಡೆದುಕೊಳ್ಳಬೇಕು. ಮುಂದಿನ ಹಿಂದಿನ ಆಕ್ಸಲುಗಳಿಗೆ ಬಲ ಕಳಿಸುವ ಗೇರುಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಬಲವನ್ನು ಸುಮಾರು ಎರಡೂವರೆ ಪಟ್ಟು ಹಿಗ್ಗಿಸಿರುವಾಗ, ದೊಡ್ಡ ಟೈರು ಬಂಡೆಯ ಸಂದಿನಲ್ಲಿ ಕಚ್ಚಿಕೊಂಡಿರುವಾಗ, ಶಾಫ್ಟ್ ತುಂಡಾದರೆ ಆಶ್ಚರ್ಯವಿಲ್ಲ. ಮೊದಲು ಟೈರು ಜಾರಿಬಿಡುತ್ತಿದ್ದುದರಿಂದಲೇ ಶಾಫ್ಟ್ ಉಳಿದಿತ್ತು. ಒಂದು ಕೊಂಡಿಯನ್ನು ಗಟ್ಟಿ ಮಾಡಿದಾಗ ಮುರಿತ ಪಕ್ಕದ ಕೊಂಡಿಗೆ ಸರಿಯುತ್ತದೆ ಎಂಬ ಈ ಮಾತನ್ನು ಬಿಡಿಭಾಗ ಮಾರುವವರು ಹೇಳುವುದು ಅಪರೂಪ.

ಸ್ಪ್ರಿಂಗು ಬದಲಿಸಿ ಗಾಡಿಯನ್ನು ಎತ್ತರಿಸುವಾಗಲೂ ಹೀಗೆಯೇ. ಗಾಲಿಗಳ ನಡುವಿನ ಅಗಲ 150 ಸೆಂಟಿಮೀಟರ್, ಗುರುತ್ವಕೇಂದ್ರದ ಎತ್ತರ 75 ಇರುವ ಗಾಡಿ ಲೆಕ್ಕದ ಪ್ರಕಾರ 45 ಡಿಗ್ರಿ ಓರೆಯವರೆಗೂ ಮಗುಚದು. ಮೂರು ಅಂಗುಲ ಎತ್ತರಿಸಿದರೆ ಅದು 42ರ ಆಸುಪಾಸಿಗೆ ಇಳಿಯುತ್ತದೆ. ಸ್ಪ್ರಿಂಗು ಮತ್ತು ಟೈರು ಓರೆಯಾದ ಕಡೆಗೆ ಕುಸಿಯುವುದರಿಂದ ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ. ಅಲ್ಲದೆ ಬಲವನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಬಾಗುವ ಕೀಲುಗಳಾದ ಕ್ರಾಸ್‌ಗಳು ಸಮ ಕೋನದಲ್ಲಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಎತ್ತರಿಸಿದ ಮೇಲೆ ಕೋನಗಳು ಹೊಂದದಿದ್ದರೆ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿದು, ಆ ನಡುಕ ಬೇರಿಂಗುಗಳನ್ನು ತಿನ್ನತೊಡಗುತ್ತದೆ. ಕಾನೂನನ್ನೂ ಮರೆಯುವಂತಿಲ್ಲ: ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಹೊಳೆ ದಾಟುವಾಗ ಎಲ್ಲರ ಕಣ್ಣು ಎಂಜಿನ್ನಿನ ಮೇಲಿರುತ್ತದೆ, ಅದು ಸಹಜ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಸಿಲಿಂಡರಿನೊಳಗೆ ಹೊಕ್ಕರೆ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಗಾಳಿ ಎಳೆಯುವ ಬಾಯನ್ನು ಸ್ನಾರ್ಕೆಲ್‌ನಿಂದ ಮೇಲಕ್ಕೇರಿಸುವುದು ಇದನ್ನು ತಡೆಯಲು. ಆದರೆ ಸದ್ದಿಲ್ಲದೆ ಹಾಳಾಗುವುದು ಆಕ್ಸಲ್. ಗಂಟೆಗಟ್ಟಲೆ ಓಡಿ 80 ಡಿಗ್ರಿಗೆ ಕಾದ ಆಕ್ಸಲ್ ಹೌಸಿಂಗ್ (ಆಕ್ಸಲಿನ ಹೊರಕವಚ) 25 ಡಿಗ್ರಿಯ ಹೊಳೆಗಿಳಿದಾಗ ಒಳಗಿನ ಗಾಳಿ ಸುಮಾರು ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಅದು ಒಳಗಿನ ಒತ್ತಡ ಸರಿದೂಗಿಸಲೆಂದು ಇಟ್ಟ ಬ್ರೀದರ್ ರಂಧ್ರದಿಂದಲೋ ಸವೆದ ಆಯಿಲ್ ಸೀಲಿನಿಂದಲೋ ನೀರನ್ನೇ ಹೀರಿಕೊಳ್ಳುತ್ತದೆ. ಬ್ರೀದರಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಕಟ್ಟಿದರೆ ನೀರಿನ ಬದಲು ಗಾಳಿ ಒಳಹೋಗುತ್ತದೆ. ಹೊಳೆಗೆ ಇಳಿಯುವ ಮೊದಲು ಗಾಡಿಯನ್ನು ಹತ್ತು ನಿಮಿಷ ಆರಲು ಬಿಡುವುದೂ ಒಳ್ಳೆಯದು.

ನೀರಿಗಿಳಿದ ಮಾರನೆಯ ಬೆಳಿಗ್ಗೆ, ಗಾಡಿಯನ್ನು ಅಲುಗಿಸುವ ಮೊದಲು, ಡಿಫರೆನ್ಷಿಯಲ್ಲಿನ ಡ್ರೇನ್ ಪ್ಲಗ್ಗನ್ನು ತುಸುವೇ ಸಡಿಲಿಸಿ ನೋಡಬೇಕು. ನೀರು ಎಣ್ಣೆಗಿಂತ ಭಾರವಾದ್ದರಿಂದ ರಾತ್ರಿಯಿಡೀ ತಳಕ್ಕೆ ಇಳಿದು, ಮೊದಲ ಹನಿಗಳಲ್ಲೇ ಹೊರಬರುತ್ತದೆ. ಎಣ್ಣೆ ಆಗಲೇ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದು ಗೇರಿನ ಹಲ್ಲುಗಳ ನಡುವೆ ಪದರವಾಗಿ ನಿಲ್ಲಲಾರದು, ಪೂರ್ತಿ ಬದಲಿಸಲೇಬೇಕು. ಕ್ರಾಸ್‌ಗಳಿಗೆ ಹಳೆಯ ಗ್ರೀಸ್ ಕೆಸರಿನ ಸಮೇತ ಹೊರಬರುವ ತನಕ ಹೊಸದನ್ನು ಒತ್ತಬೇಕು. ಬ್ರೇಕ್ ಡ್ರಮ್ಮಿನೊಳಗೆ ಒಣಗಿದ ಕೆಸರು ಲೈನಿಂಗನ್ನು ಅರದಂತೆ ಉಜ್ಜುವುದರಿಂದ ಬಿಚ್ಚಿ ತೊಳೆಯಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿದ ಹುಲ್ಲಿನ ಬೀಜಗಳನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಮೆದುವಾದ ನೀರಿನ ಧಾರೆಯಲ್ಲಿ ತೆಗೆಯಬೇಕು. ಜೋರಾಗಿ ಹೊಡೆದರೆ ರೆಕ್ಕೆಗಳೇ ಮಡಚಿಕೊಳ್ಳುತ್ತವೆ. ಸ್ಪ್ರಿಂಗಿನ ಯು-ಬೋಲ್ಟುಗಳಿಗೆ ಬಿಗಿ ಮಾಡಿದ ಮೇಲೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ನಟ್ಟು ಎಳೆಯಷ್ಟು ತಿರುಗಿದ್ದರೂ ಕಣ್ಣಿಗೆ ಬೀಳುತ್ತದೆ.

ಇವೆಲ್ಲ ಮನೆ ಸೇರಿದ ಮೇಲಿನ ಕೆಲಸ. ಡಾಂಬರು ರಸ್ತೆ ಮುಟ್ಟಿದ ಕೂಡಲೇ ಮಾಡಬೇಕಾದದ್ದು ಎರಡು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಚಲಿಸುತ್ತವೆ. ಹಳೆಯ ಬಗೆಯ ಫೋರ್ ವೀಲ್ ಡ್ರೈವಿನಲ್ಲಿ ಮುಂದೆ ಹಿಂದಿನ ಶಾಫ್ಟುಗಳು ಬೆಸೆದುಕೊಂಡಿರುವುದರಿಂದ, ಆ ವ್ಯತ್ಯಾಸ ಕೆಸರಿನಲ್ಲಾದರೆ ಜಾರಿ ಕಳೆದುಹೋಗುತ್ತದೆ, ಡಾಂಬರಿನ ಮೇಲಾದರೆ ಗೇರುಗಳಲ್ಲಿ ತಿರುಚಾಗಿ ಕೂಡಿಕೊಳ್ಳುತ್ತದೆ. ಆದ್ದರಿಂದ ಲಿವರನ್ನು ಟೂ ವೀಲಿಗೆ ತರಬೇಕು. ಇಳಿಸಿದ್ದ ಗಾಳಿಯನ್ನು ಮತ್ತೆ ತುಂಬಬೇಕು, ಏಕೆಂದರೆ ಮೆತ್ತಗಿನ ಟೈರು ವೇಗದಲ್ಲಿ ಮಡಚಿ ಬಿಡಿಸಿ ಕಾದು ಸಿಡಿಯಬಹುದು. ಪಂಪು ಓಡುತ್ತಿರುವ ಹೊತ್ತಿನಲ್ಲಿ ನಾಲ್ಕೂ ಗಾಲಿಯ ಹಬ್ಬುಗಳ ಹತ್ತಿರ ಕೈ ಒಡ್ಡಿ ನೋಡಿ: ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ, ಅದರ ಬೇರಿಂಗನ್ನೋ ಕಚ್ಚಿಕೊಂಡ ಬ್ರೇಕನ್ನೋ ಬಿಚ್ಚಿ ನೋಡದೆ ಮುಂದೆ ಹೋಗಬೇಡಿ.